‘ಹೋಯ್ತು ಅಂದ್ರೆ ಎಲ್ಲಿಗೆ?’ ಎನ್ನುತ್ತಿದ್ದ ಮೇಡಂ

ಮಾರ್ಚ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಸ್ಥಳ, ಚಿಕ್ಕಬಳ್ಳಾಪುರದಲ್ಲಿ ನಾನು ಕೆಲಸ ಮಾಡಿ ನಿವೃತ್ತನಾದ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ಪ್ರಯೋಗಾಲಯ. ಹಾಜರಿದ್ದವರು ಮೂವರು: ಅಲ್ಲಿ ಮೇಲ್ವಿಚಾರಕನಾಗಿದ್ದ ನಾನು, ಈಗಿನ ಅಟೆಂಡರಮ್ಮ, ಮತ್ತು ಮೇಡಂ ಅವರ ತಮ್ಮ. ಅಲ್ಲಿ ಪಾಠ ಮಾಡುತ್ತಿದ್ದ ಮೇಡಂ ತೀರಿಕೊಂಡು ತಿಂಗಳ ಮೇಲಾಗಿತ್ತು. ಅವರ ಮೇಜನ್ನು ಖಾಲಿ ಮಾಡಿಕೊಡಿ ಎಂದು ಪ್ರಿನ್ಸಿಪಾಲರು ಹೇಳಿ ಕಳಿಸಿದ್ದರು. ಅದರ ಮೇಲಿದ್ದ ಸೀಸೆಗಳಲ್ಲಿ ಏನಿದೆ, ಯಾವುದನ್ನು ಹೇಗೆ ಮುಟ್ಟಬೇಕು ಎಂದು ತಿಳಿದವನು ನಾನೊಬ್ಬನೇ ಉಳಿದಿದ್ದೆ.

ಒಳಗೆ ಹೋಗುವಾಗ ಕಾರಿಡಾರಿನ ಗೋಡೆಯ ಮೇಲೆ ಹಾಜರಾತಿಯ ಯಂತ್ರ ಕಣ್ಣಿಗೆ ಬಿತ್ತು. ಅದರ ಜೊತೆಗೇ ಮೇಡಂ ಅವರ ಬೆರಳುಗಳು ನೆನಪಾದವು. ಹತ್ತು ಬೆರಳುಗಳ ತುದಿಯೂ ನುಣುಪು, ನೀರಿನಲ್ಲಿ ಉರುಳಿ ಸವೆದ ಬೆಣಚುಕಲ್ಲಿನ ಹಾಗೆ. ಗೆರೆ ಎಂಬುದೇ ಇರಲಿಲ್ಲ. ಯಂತ್ರಕ್ಕೆ ಬೇಕಾದದ್ದು ಆ ಗೆರೆಯೇ. ಅವರು ಹೆಬ್ಬೆಟ್ಟು ಒತ್ತಿದರೆ ‘ಮತ್ತೆ ಪ್ರಯತ್ನಿಸಿ’ ಎನ್ನುತ್ತಿತ್ತು. ಸೆರಗಿಗೆ ಒರೆಸಿಕೊಂಡು ತೋರುಬೆರಳು ಒತ್ತುವರು, ಆಮೇಲೆ ಕಿರುಬೆರಳು, ಆಮೇಲೆ ಎಡಗೈ. ಒಂದಕ್ಕೂ ಅದು ಒಪ್ಪುತ್ತಿರಲಿಲ್ಲ. “ನಾನೇ ಕಣಪ್ಪ, ನಿನ್ನೆನೂ ಬಂದಿದ್ನಲ್ಲ” ಎಂದು ಯಂತ್ರಕ್ಕೆ ಸಮಾಧಾನವಾಗಿ ಹೇಳಿ, ನನ್ನ ಕಡೆ ತಿರುಗುತ್ತಿದ್ದರು.

“ಹವಾಲ್ದಾರ್ರೇ, ನಾನು ಬದುಕಿದೀನಿ, ಬಂದಿದೀನಿ ಅಂತ ನೀವೇ ಸಾಕ್ಷಿ.”

ನಾನು ಗಡಿಯಾರ ನೋಡಿ ವೇಳೆ ಹೇಳುತ್ತಿದ್ದೆ. ಕಚೇರಿಯವರು ಅದನ್ನೇ ಬರೆದುಕೊಳ್ಳುತ್ತಿದ್ದರು.

ಗೆರೆ ಸವೆದದ್ದು ಶಿಡ್ಲಘಟ್ಟದಲ್ಲಿ. ಅವರ ತಂದೆಗೆ ಅಲ್ಲಿ ರೇಷ್ಮೆಗೂಡು ಬಿಚ್ಚುವ ಸಣ್ಣ ಕಾರ್ಖಾನೆ ಇತ್ತು. ಶಾಲೆ ಬಿಟ್ಟು ಬಂದ ಹುಡುಗಿ ಕುದಿಯುವ ನೀರಿನ ಬಾಣಲೆಯ ಮುಂದೆ ಕೂತು, ತೇಲುವ ಗೂಡುಗಳಲ್ಲಿ ಕೈಯಾಡಿಸಿ ಎಳೆಯ ತುದಿ ಹುಡುಕಿ ಕೊಡಬೇಕಿತ್ತು. ಕಾಲೇಜು ಸೇರುವ ತನಕವೂ ಅದೇ ಕೆಲಸ. ಚರ್ಮದ ಗೆರೆ ಆ ನೀರಿನಲ್ಲೇ ಹೋಯಿತು. ಪ್ರಯೋಗ ಕೈಕೊಟ್ಟು ಮುಖ ಸಣ್ಣ ಮಾಡಿಕೊಂಡ ವಿದ್ಯಾರ್ಥಿಗಳಿಗೆ, ತುದಿ ಸಿಗುವ ತನಕ ಮಾತ್ರ ಕಷ್ಟ, ಆಮೇಲೆ ಗೂಡು ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದು ಹೇಳುತ್ತಿದ್ದರು.

ನಾನು ಬಂದದ್ದು ಬೇರೆ ದಾರಿಯಿಂದ. ಸೇನೆಯ ಆಸ್ಪತ್ರೆಗಳ ಪ್ರಯೋಗಾಲಯದಲ್ಲಿ ಹವಾಲ್ದಾರನಾಗಿ ನನ್ನ ಸರ್ವಿಸು ಮುಗಿದು, ಆಮೇಲೆ ಈ ಕಾಲೇಜಿಗೆ ಸೇರಿದೆ. ಬೆಳಗಿನ ಐದಕ್ಕೆ ಎದ್ದು ಹಾಸಿಗೆ ಮಡಿಸುವುದರಿಂದ ಹಿಡಿದು ರಾತ್ರಿ ಬೂಟು ಒರೆಸಿಡುವ ತನಕ ನನಗೆ ಎಲ್ಲಕ್ಕೂ ಹೊತ್ತು, ಎಲ್ಲಕ್ಕೂ ಜಾಗ. ಗಾಜಿನ ಕುಪ್ಪಿಗಳು ಎತ್ತರದ ಪ್ರಕಾರ ನಿಲ್ಲಬೇಕು. ಚೀಟಿ ಇಲ್ಲದ ಸೀಸೆ ನನ್ನ ಕೋಣೆಗೆ ಬರಕೂಡದು. ಮೇಡಂ ಸೇರಿದ ಹೊಸದರಲ್ಲಿ ಒಂದು ಸೋಮವಾರ, ಊಟದ ಡಬ್ಬಿಯಲ್ಲಿ ಕಪ್ಪು ಕೆಸರು ತಂದು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದರೆ ಕೊಳೆತ ವಾಸನೆ. ಡಬ್ಬಿಗೆ ಒಂದು ಚೀಟಿ ಅಂಟಿಸಿದ್ದರು: ‘ತಮ್ಮನ ಕೆಸರು.’

ಇದು ಚೀಟಿಯಲ್ಲ ಎಂದೆ. ಏನು, ಎಲ್ಲಿಯದು, ಯಾವತ್ತಿನದು, ಯಾರದು, ಈ ನಾಲ್ಕೂ ಇರಬೇಕು ಎಂದೆ. ಅವರು ಮರುಮಾತಾಡದೆ ಕೂತು ನಾಲ್ಕೂ ಬರೆದರು. ಅಂದಿನಿಂದ ಒಮ್ಮೆಯೂ ತಪ್ಪಿಸಲಿಲ್ಲ. ಆದರೆ ತಿಂಗಳೊಳಗೆ ನನಗೂ ಒಂದು ಪಾಠವಾಯಿತು. ಮೂಲೆಯ ಕ್ಯಾನಿನ ಮೇಲೆ ನಾನು ‘ವೇಸ್ಟ್’ ಎಂದು ಬರೆದದ್ದನ್ನು ನೋಡಿ ಅವರು ಪೆನ್ನು ತೆಗೆದು ಅದನ್ನು ಹೊಡೆದುಹಾಕಿದರು. “ವೇಸ್ಟ್ ಅನ್ನೋದು ಹೆಸರಲ್ಲ ಹವಾಲ್ದಾರ್ರೇ. ನಮಗೆ ಬೇಡ ಅಂತ ಹೇಳೋದು ಅಷ್ಟೇ. ಒಳಗಿರೋದರ ಹೆಸರು ಬರೀರಿ.” ಸೇನೆಯಲ್ಲಿ ಯಾರೂ ನನಗೆ ಅದನ್ನು ಕಲಿಸಿರಲಿಲ್ಲ.

ಆ ಕೆಸರು ಬಂದದ್ದು ಗೌರಿಬಿದನೂರಿನ ಹೊರಗಿದ್ದ ಅವರ ತಮ್ಮನ ಶೆಡ್ಡಿನಿಂದ. ತಂದೆಯ ಬಾಣಲೆಗಳನ್ನು ಮುಂದುವರಿಸಲು ಮನಸ್ಸಿಲ್ಲದೆ ಆತ ಕಬ್ಬಿಣದ ಬಿಡಿಭಾಗಗಳಿಗೆ ನಿಕ್ಕಲ್, ಕ್ರೋಮ್ ಲೇಪ ಹಾಕುವ ಕೆಲಸ ಹಿಡಿದಿದ್ದ. ಲೇಪ ಹಾಕಿ ತೊಳೆದ ನೀರು ನಿಂಬೆಹಣ್ಣಿನಂತೆ ಹಳದಿ. ಅದು ಶೆಡ್ಡಿನ ಹಿಂದಿನ ಕುಂಟೆಯಲ್ಲಿ, ಅಂದರೆ ಸಣ್ಣ ಹೊಂಡದಲ್ಲಿ, ನಿಲ್ಲುತ್ತಿತ್ತು. ಕುಂಟೆಯ ಅಂಚಿನಲ್ಲಿ ಹುಲ್ಲಿನ ಒಂದು ಎಸಳೂ ಇಲ್ಲ. ಹಾಗಿದ್ದೂ ತಳದ ಕೆಸರು ಲೋಳೆಯಾಗಿತ್ತು. ಲೋಳೆ ಇದ್ದರೆ ಜೀವ ಇರಬೇಕು ಎಂಬುದು ಮೇಡಂ ಅವರ ತರ್ಕ.

ಅವರು ಆ ಕೆಸರನ್ನು, ಬ್ಯಾಕ್ಟೀರಿಯಾ ಬೆಳೆಸುವ, ಕ್ರೋಮ್ ಬೆರೆಸಿದ ಅಗರಿನ ತಟ್ಟೆಯ ಮೇಲೆ ಸವರಿದರು. ಹೆಚ್ಚಿನ ಬ್ಯಾಕ್ಟೀರಿಯಾ ಸತ್ತವು. ಕೆಲವು ಮಾತ್ರ ಎಳ್ಳುಕಾಳಿನಷ್ಟು ಚುಕ್ಕೆಗಳಾಗಿ ಎದ್ದವು. ಅವನ್ನು ಹಳದಿ ನೀರಿಗೆ ಬಿಟ್ಟು ಆಹಾರ ಕೊಟ್ಟರೆ, ಕೆಲವು ದಿನಗಳಲ್ಲಿ ನೀರಿನ ಬಣ್ಣ ಇಳಿಯುತ್ತಿತ್ತು. ಆ ನೀರಿಗೆ ಪರೀಕ್ಷೆಯ ದ್ರಾವಣ ಒಂದು ಹನಿ ಬಿಟ್ಟರೆ ಮೊದಲು ಕಡುನೇರಳೆ ಆಗುತ್ತಿದ್ದದ್ದು, ಈಗ ಏನೂ ಆಗುತ್ತಿರಲಿಲ್ಲ. ವಿದ್ಯಾರ್ಥಿಗಳು ವಿಷ ಹೋಯಿತು ಎಂದು ಸಂಭ್ರಮಪಟ್ಟರು.

“ಹೋಯ್ತು ಅಂದ್ರೆ ಎಲ್ಲಿಗೆ?”

ಇದು ಅವರ ಖಾಯಂ ಪ್ರಶ್ನೆ. ಮೇಜಿನ ಕಲೆ ಹೋಯಿತು ಎಂದರೂ ಕೇಳುವರು, ಅಟೆಂಡರಮ್ಮ ಫಿನಾಯಿಲ್ ಖಾಲಿಯಾಯಿತು ಎಂದರೂ ಕೇಳುವರು. ಶಿಡ್ಲಘಟ್ಟದ ಬಸ್ಸು ಹೋಯಿತು ಎಂದಾಗ ಮಾತ್ರ ಕೇಳದೆ ಓಡುತ್ತಿದ್ದರು.

ಅವರು ವಿವರಿಸಿದ್ದನ್ನು ನಾನು ಮೇಜಿನ ಈ ಬದಿಯಲ್ಲಿ ನಿಂತು ಕೇಳಿ ಕಲಿತೆ. ಬ್ಯಾಕ್ಟೀರಿಯಾದ ಗೋಡೆಯಲ್ಲಿ ಬಾಗಿಲುಗಳಿವೆ. ಒಂದೊಂದು ಬಾಗಿಲು ಒಂದೊಂದು ಪೋಷಕಾಂಶಕ್ಕೆ. ನೀರಿನಲ್ಲಿ ಕರಗಿದ ಕ್ರೋಮ್ ಆಕಾರದಲ್ಲಿ ಗಂಧಕದ ಲವಣದಂತೆಯೇ ಇರುತ್ತದೆ. ಹಾಗಾಗಿ ಗಂಧಕಕ್ಕೆ ತೆರೆದ ಬಾಗಿಲಿನಲ್ಲಿ ನೆಂಟನಂತೆ ನುಗ್ಗಿಬಿಡುತ್ತದೆ. ನುಗ್ಗಿದ ಮೇಲೆ ಹೆಚ್ಚಿನ ಜೀವಕಣಗಳು ಸಾಯುತ್ತವೆ. ಗಟ್ಟಿ ಜಾತಿಯವು ಮಾತ್ರ ಅದರ ಉಗ್ರ ರೂಪವನ್ನು ಸೌಮ್ಯ ರೂಪಕ್ಕೆ ತಿರುಗಿಸಿ, ತಮ್ಮ ಮೈಯಲ್ಲೇ ಕಟ್ಟಿಹಾಕುತ್ತವೆ. ನಿಕ್ಕಲ್ ಕೂಡ ಹೊರಗೋಡೆಗೆ ಅಂಟುತ್ತದೆ, ಒಂದಷ್ಟು ಒಳಗೂ ಸೇರುತ್ತದೆ. ನೀರು ತಿಳಿಯಾಗುತ್ತದೆ, ಬ್ಯಾಕ್ಟೀರಿಯಾ ಭಾರವಾಗುತ್ತವೆ. ಅವು ಲೋಹವನ್ನು ನಾಶ ಮಾಡುವುದಿಲ್ಲ. ಲೋಹವನ್ನು ನಾಶ ಮಾಡಲು ಯಾರಿಂದಲೂ ಆಗುವುದಿಲ್ಲ. “ಅದು ಹೋಗಿಲ್ಲಪ್ಪ, ಮನೆ ಬದಲಾಯಿಸಿದೆ” ಎಂದು ಹುಡುಗರಿಗೆ ಹೇಳುತ್ತಿದ್ದರು.

ಸೀಸೆಯಲ್ಲಿ ಆದದ್ದನ್ನು ಕುಂಟೆಯಲ್ಲೂ ಮಾಡಿ ನೋಡೋಣ ಎಂದು ಕೇಳಿದವನು ತಮ್ಮ. ಮೇಡಂ ಒಪ್ಪಿದರು. ಬ್ಯಾಕ್ಟೀರಿಯಾಕ್ಕೆ ಆಹಾರವೆಂದು ಸಗಣಿ ಕಲಸಿದ ನೀರು ಹಾಕಿಸಿದರು, ಅಂಗಡಿಗಳಲ್ಲಿ ನೀರು ಬಿಟ್ಟುಕೊಂಡು ಹಾಳಾದ ಬೆಲ್ಲ ತರಿಸಿ ಹಾಕಿಸಿದರು. ಬೇಸಿಗೆ ಬರುವ ಹೊತ್ತಿಗೆ ಕುಂಟೆಯ ನೀರು ತಿಳಿಯಾಯಿತು. ಪ್ರತಿ ಶನಿವಾರ ನಾವಿಬ್ಬರೂ ಬಸ್ಸಿನಲ್ಲಿ ಹೋಗಿ ನೀರು ತಂದು ಪರೀಕ್ಷಿಸುತ್ತಿದ್ದೆವು. ನೇರಳೆ ಬಣ್ಣ ಬರಲಿಲ್ಲ. ಸುದ್ದಿ ಹಬ್ಬಿತು. ಬೇರೆ ಕಾಲೇಜುಗಳ ಅಧ್ಯಾಪಕರು ಬಂದು ಕುಂಟೆ ನೋಡುವುದೆಂದು ಗೊತ್ತಾಯಿತು. ತಮ್ಮನಂತೂ ಶೆಡ್ಡಿಗೆ ಸುಣ್ಣ ಬಳಿಸಿದ. ನಮ್ಮ ಆಪಾ ಮಾಡಿದ್ದು ಎಂದು ಬಂದವರಿಗೆಲ್ಲ ತೋರಿಸಿದ. ಅಕ್ಕನ ವಿಷಯದಲ್ಲಿ ಅಷ್ಟು ಹಿಗ್ಗಿದ ಇನ್ನೊಬ್ಬ ತಮ್ಮನನ್ನು ನಾನು ಕಂಡಿಲ್ಲ.

ಅಧ್ಯಾಪಕರು ಬರುವುದಕ್ಕೆ ಮುಂಚಿನ ಶನಿವಾರ ನಾವು ಹೋದಾಗ ಕುಂಟೆ ಅರ್ಧ ಬತ್ತಿತ್ತು. ಒಂದು ಬದಿಯ ತಳವನ್ನು ಯಾರೋ ಕೆತ್ತಿ ಒಯ್ದಿದ್ದರು. ಟ್ರ್ಯಾಕ್ಟರಿನ ಗಾಲಿಯ ಗುರುತು ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಹೋಗಿತ್ತು. ಮೇಡಂ ಆ ಗುರುತು ಹಿಡಿದು ತೋಟದ ಕಡೆ ನಡೆದರು.

ನಮ್ಮ ಸೀಮೆಯಲ್ಲಿ ಬೇಸಿಗೆಯಲ್ಲಿ ಕೆರೆ ಬತ್ತಿದರೆ ಅದರ ಗೋಡು, ಅಂದರೆ ತಳದ ಕಪ್ಪುಮಣ್ಣು, ಹಿಪ್ಪುನೇರಳೆ ತೋಟಕ್ಕೆ ಹೋಗಬೇಕು. ಮುಂಗಾರಿಗೆ ಮೊದಲು ಗೋಡು ಹೊಡೆಯದ ರೈತನನ್ನು ಸೋಮಾರಿ ಎನ್ನುತ್ತಾರೆ. ಈ ಕುಂಟೆಗಾದರೋ ಇಡೀ ವರ್ಷ ಸಗಣಿ ಹಾಕಿದ್ದನ್ನು, ಬೆಲ್ಲ ಸುರಿದದ್ದನ್ನು ಅಕ್ಕಪಕ್ಕದವರೆಲ್ಲ ನೋಡಿದ್ದರು. ಸಗಣಿ, ಬೆಲ್ಲ ಕಲಸಿ ಅವರೇ ಡ್ರಮ್ಮಿನಲ್ಲಿ ಜೀವಾಮೃತ ಎಂಬ ಗೊಬ್ಬರ ಮಾಡಿಕೊಳ್ಳುವವರು. ಅವರ ಕಣ್ಣಿಗೆ ಇದು ದೊಡ್ಡದೊಂದು ಜೀವಾಮೃತದ ಡ್ರಮ್ಮು. ಕೇಳಿದವರಿಗೆ ತಮ್ಮ ಧಾರಾಳವಾಗಿ ತೆಗೆದುಕೊಂಡು ಹೋಗಿ ಎಂದಿದ್ದ. ನೀರು ಶುದ್ಧವಾಯಿತು ಎಂದು ಅಕ್ಕನೇ ಹೇಳಿದ್ದಾಳೆ, ಇನ್ನು ಗೋಡು ಬಂಗಾರವಲ್ಲದೆ ಇನ್ನೇನು ಎಂಬುದು ಅವನ ಲೆಕ್ಕ.

ತೋಟದ ಒಡತಿ ಅರವತ್ತು ದಾಟಿದ ಹೆಂಗಸು. ರೇಷ್ಮೆಹುಳುವಿನ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದವಳು ಹೊರಗೆ ಬಂದಳು. ಗೋಡನ್ನು ವಾಪಸು ಕೆರೆದು ತೆಗೆಯಬೇಕು, ಮಳೆ ಬೀಳುವ ಮುಂಚೆಯೇ ತೆಗೆಯಬೇಕು ಎಂದು ಮೇಡಂ ಹೇಳಿದರೆ ಅವಳಿಗೆ ಅರ್ಥವಾಗಲಿಲ್ಲ.

“ಏಂದಮ್ಮಾ ಇದು. ನೀವೇ ಸಗಣಿ ಹಾಕಿಸಿದ್ರಿ, ನೀವೇ ಬೆಲ್ಲ ಹಾಕಿಸಿದ್ರಿ. ಈಗ ನೀವೇ ವಿಷ ಅಂತೀರಲ್ಲ ಟೀಚರಮ್ಮ.”

ತಮ್ಮ ಅಷ್ಟರಲ್ಲಿ ಓಡಿ ಬಂದಿದ್ದ. ಉರ್ದುವಿನಲ್ಲಿ ತಗ್ಗಿದ ದನಿಯಲ್ಲಿ ಅಕ್ಕನಿಗೆ ಏನೋ ಹೇಳಿದ. ಜನರ ಮುಂದೆ ಬೇಡ, ಮುಂದಿನ ವಾರ ನೋಡಲು ಬರುವವರಿದ್ದಾರೆ, ಆಮೇಲೆ ಮೆಲ್ಲಗೆ ತೆಗೆಸೋಣ ಎಂದದ್ದು ಎಂದು ನನಗೆ ಆಮೇಲೆ ತಿಳಿಯಿತು. ಮೇಡಂ ಹುಳುವಿನ ಮನೆಯ ಹೊಸ್ತಿಲ ಮೇಲೆ ಆ ಹೆಂಗಸಿನ ಪಕ್ಕದಲ್ಲಿ ಕೂತರು.

“ಹುಳ ಯಾವ ಜ್ವರದಲ್ಲಿದಾವಮ್ಮ?” ಹುಳು ಪೊರೆ ಬಿಡುವ ಹಂತಕ್ಕೆ ರೇಷ್ಮೆಯವರು ಜ್ವರ ಎನ್ನುತ್ತಾರೆ.

“ನಾಲ್ಕನೇ ಜ್ವರ ಎದ್ದಿದಾವೆ. ಈಗ ತಿನ್ನೋ ಹೊತ್ತು.”

“ತಿಂದಿದ್ರಲ್ಲಿ ಮಾಡಿದ ರೇಷ್ಮೆ ಈಗ ಎಲ್ಲಿದೆ?”

“ಹೊಟ್ಟೇಲಿ. ಇನ್ನೆಲ್ಲಿರ್ತದೆ.”

“ಹೊರಗಡೆಯಿಂದ ಕಾಣುತ್ತಾ?”

“ಹಣ್ಣಾದಾಗ ಮೈ ಒಸಿ ಹೊಳೀತದೆ ಅಷ್ಟೇ.”

“ನನ್ನ ಕುಂಟೇಲಿರೋ ಹುಳಾನೂ ಹಂಗೇ ಅಮ್ಮ. ಕಣ್ಣಿಗೆ ಕಾಣದಷ್ಟು ಸಣ್ಣವು. ನೀರಲ್ಲಿದ್ದ ವಿಷಾನ ತಿಂದು ಹೊಟ್ಟೇಲಿ ಇಟ್ಕೊಂಡಿದಾವೆ. ನೀರು ಚೆನ್ನಾಗಾಯ್ತು ಅಂದ್ರೆ ಅವು ತುಂಬ್ಕೊಂಡವು ಅಂತ. ಆ ತುಂಬಿದ ಹೊಟ್ಟೆನೇ ನಿಮ್ಮ ತೋಟಕ್ಕೆ ಬಂದಿರೋದು.”

ಹೆಂಗಸು ತೋಟದ ಕಡೆ ನೋಡಿದಳು. ಅವು ಸತ್ತುಹೋದರೆ ಸರಿಹೋಗುವುದಿಲ್ಲವೇ ಎಂದು ಕೇಳಿದಳು. ಸತ್ತರೂ ಹಿಡಿದದ್ದು ಮಣ್ಣಿನಲ್ಲೇ ಇರುತ್ತದೆ, ಬೇರಿಗೆ ಏರಬಹುದು, ಸೊಪ್ಪಿಗೆ ಬರಬಹುದು, ಎಷ್ಟು ಬರುತ್ತದೆ ಎಂದು ನಾನು ಇವತ್ತು ಹೇಳಲಾರೆ, ಹೇಳಲಾರೆನಾದ್ದರಿಂದಲೇ ತೆಗೆಯಿರಿ ಎನ್ನುತ್ತಿದ್ದೇನೆ ಎಂದರು ಮೇಡಂ. ಆಕೆ ಎದ್ದು ಗುದ್ದಲಿ ತಂದಳು. ಆ ಸೊಪ್ಪನ್ನು ಆ ದಿನದಿಂದಲೇ ಹುಳುವಿಗೆ ಹಾಕುವುದನ್ನು ನಿಲ್ಲಿಸಿ, ತಂಗಿಯ ತೋಟದಿಂದ ತರಿಸಿಕೊಂಡಳು.

ಸಂಜೆಯವರೆಗೂ ಕೆರೆದೆವು. ನಾನು ತಂದಿದ್ದ ರಬ್ಬರಿನ ಕೈಗವಸುಗಳನ್ನು ಎಲ್ಲರಿಗೂ ಹಂಚಿದೆ. ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನ ನಡುವೆ ಕೂತು, ಗಿಡದ ಬುಡದ ಮಣ್ಣನ್ನು ಕುಡುಗೋಲಿನಿಂದ ಬಿಡಿಸಿ ಬಿಡಿಸಿ ತೆಗೆದರು. ತಮ್ಮನೋ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದನೇ ಹೊರತು ತೋಟಕ್ಕೆ ಕಾಲಿಡಲಿಲ್ಲ. ನಾನು ಕೈ ತೊಳೆಯಲು ಹೋದಾಗ ಹೇಳಿದ: “ಹೊರಗಿನವರು ಬಂದು ತಪ್ಪು ಹಿಡಿದಿದ್ರೆ ಒಪ್ಕೋತಿದ್ದೆ ಸಾರ್. ಮನೆಯವರೇ ಊರ ಮುಂದೆ ನಮ್ಮ ಮಾನ ಕಳೆದ್ರು.”

ಪ್ರಿನ್ಸಿಪಾಲರೂ ಮೃದುವಾಗಿ ಒಂದು ಮಾತು ಹೇಳಿ ನೋಡಿದರು. ಬರುವವರಿಗೆ ನೀರನ್ನು ತೋರಿಸಿದರೆ ಸಾಲದೇ, ಗೋಡಿನ ಮಾತು ಯಾಕೆ ಎಂದು. ನೀರು ಮಾತ್ರ ತೋರಿಸಿದರೆ ಅದು ಅರ್ಧ ಸುಳ್ಳಾಗುತ್ತದೆ ಎಂದು ಮೇಡಂ ತಾವೇ ಎಲ್ಲರಿಗೂ ಫೋನು ಮಾಡಿ, ಈಗ ಬರಬೇಡಿ ಎಂದರು. ಸುಣ್ಣ ಬಳಿದ ಶೆಡ್ಡು ಕೆಲವು ತಿಂಗಳು ಮುಚ್ಚಿತ್ತು. ಆಮೇಲೆ ತಮ್ಮ, ತೊಳೆದ ನೀರು ನೆಲಕ್ಕೆ ಇಳಿಯದಂತೆ ಸಿಮೆಂಟಿನ ತೊಟ್ಟಿ ಕಟ್ಟಿಸಿದ. ಕುಂಟೆಯ ಗೋಡನ್ನೂ ತೋಟದಿಂದ ಕೆರೆದ ಮಣ್ಣನ್ನೂ ಡ್ರಮ್ಮುಗಳಿಗೆ ತುಂಬಿ, ಇಂಥ ವಸ್ತುಗಳನ್ನು ತೆಗೆದುಕೊಳ್ಳಲು ಪರವಾನಗಿ ಇರುವ ಜಾಗಕ್ಕೆ ಕಳಿಸಿದ. ಮಾಡಬೇಕಾದದ್ದೆಲ್ಲ ಮಾಡಿದ. ಅಕ್ಕನ ಜೊತೆ ಮಾತು ಮಾತ್ರ ನಿಲ್ಲಿಸಿದ.

ಅದು ಮೇಡಂ ಅವರಿಗೆ ಎಷ್ಟು ನೋವು ಕೊಟ್ಟಿತು ಎಂದು ಅವರು ಹೇಳಲಿಲ್ಲ. ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, ನಮ್ಮ ತಮ್ಮನಿಗೆ ಇದು ಇಷ್ಟ ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುವುದನ್ನು ಎಷ್ಟೋ ಸಲ ನೋಡಿದೆ. ಒಮ್ಮೆ ಅವರ ತಾಯಿ ಇಬ್ಬರನ್ನೂ ಹಟ ಮಾಡಿ ಮುರುಗಮಲ್ಲದ ದರ್ಗಾಕ್ಕೆ ಕರೆದೊಯ್ದರು. ಮರುದಿನ ಏನಾಯಿತು ಎಂದು ಕೇಳಿದೆ. “ಚಿಂತಾಮಣಿವರೆಗೂ ಒಂದೇ ಸೀಟಲ್ಲಿ ಕೂತ್ವಿ ಹವಾಲ್ದಾರ್ರೇ. ಮಧ್ಯೆ ಅಮ್ಮಿ. ಅವನು ಅಮ್ಮಿಗೆ ಹೇಳೋನು, ಅಮ್ಮಿ ನನಗೆ ಹೇಳೋರು. ಪಕ್ಕದಲ್ಲಿ ಕೂತು ಟ್ರಂಕ್ ಕಾಲ್ ಮಾಡಿದಂಗಾಯ್ತು” ಎಂದು ನಕ್ಕರು. ನಕ್ಕ ಮೇಲೆ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕುಪ್ಪಿ ತೊಳೆದರು. ಆ ಕುಪ್ಪಿಯನ್ನು ನಾನು ಆಗಲೇ ತೊಳೆದಿಟ್ಟಿದ್ದೆ.

ಆ ನಂತರ ಒಂದು ಬದಲಾವಣೆ ಆಯಿತು. ಶೆಡ್ಡಿನ ತೊಟ್ಟಿಯ ಕೆಸರಿನ ಮಾದರಿ ತಿಂಗಳಿಗೊಮ್ಮೆ ಗೌರಿಬಿದನೂರಿನಿಂದ ಬಸ್ಸಿನಲ್ಲಿ ಬರತೊಡಗಿತು. ಜೊತೆಗೆ ಒಂದು ಮಾತಿಲ್ಲ, ಕುಶಲ ಪ್ರಶ್ನೆಯಿಲ್ಲ. ಆದರೆ ಸೀಸೆಯ ಮೇಲೆ ಚೀಟಿ ಇರುತ್ತಿತ್ತು. ಏನು, ಎಲ್ಲಿಯದು, ಯಾವತ್ತಿನದು, ಯಾರದು. ನಾಲ್ಕೂ ಸರಿಯಾಗಿ, ತಮ್ಮನ ಕೈಬರಹದಲ್ಲಿ. ಮೇಡಂ ಆ ಚೀಟಿಯನ್ನು ನನಗೆ ತೋರಿಸಿ, ನಿಮ್ಮ ಶಿಸ್ತು ಗೌರಿಬಿದನೂರಿನ ತನಕ ಹೋಯಿತು ನೋಡಿ ಎಂದರು. ಎಲ್ಲಿಗೆ ಹೋಯಿತು ಎಂದು ಆ ಸಲ ಕೇಳಬೇಕಾಗಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ಹಿಡಿದ ಕೆಲಸ, ಲೋಹ ಹೊತ್ತ ಬ್ಯಾಕ್ಟೀರಿಯಾದಿಂದ ಹೊರೆ ಇಳಿಸುವುದು. ಅವುಗಳ ಮೈಗೆ ಅಂಟಿದ ನಿಕ್ಕಲ್ಲನ್ನು ತೆಳು ಆಮ್ಲದಲ್ಲಿ ತೊಳೆದು ಬಿಡಿಸಿ, ಮತ್ತೆ ಲೇಪದ ತೊಟ್ಟಿಗೇ ಕೊಡಲು ಬರುತ್ತದೆಯೇ ಎಂದು ನೋಡುತ್ತಿದ್ದರು. ಸ್ವಲ್ಪ ಬಂತು. ಕ್ರೋಮ್ ಮಾತ್ರ ಬಿಟ್ಟುಬರಲಿಲ್ಲ. ನಾನು ನಿವೃತ್ತನಾದ ಮೇಲೂ ಶನಿವಾರ ಹೋಗಿ ಅವರ ಕುಪ್ಪಿಗಳನ್ನು ಎತ್ತರದ ಪ್ರಕಾರ ಜೋಡಿಸಿ ಬರುತ್ತಿದ್ದೆ. ಅವರು ಎರಡನ್ನು ಬೇಕೆಂದೇ ಅದಲುಬದಲು ಮಾಡಿಡುತ್ತಿದ್ದರು. ಚಳಿಗಾಲದ ಕೊನೆಯಲ್ಲಿ ಒಂದು ಮುಂಜಾನೆ ಶಿಡ್ಲಘಟ್ಟದ ಮನೆಯಲ್ಲಿ, ಮಲಗಿದ್ದ ಹಾಗೆಯೇ ಅವರ ಹೃದಯ ನಿಂತುಹೋಯಿತು. ಹಿಂದಿನ ದಿನವೂ ಪಾಠ ಮಾಡಿದ್ದರು. ಸೋಮವಾರಕ್ಕೆ ಬೇಕಾದ ಅಗರಿನ ತಟ್ಟೆಗಳನ್ನು ಸುರಿದಿಟ್ಟು ಹೋಗಿದ್ದರು.

ಇಷ್ಟನ್ನೂ ಆ ಶನಿವಾರ ಕೆಲಸ ಮಾಡುತ್ತಲೇ ನೆನೆಸಿಕೊಂಡೆ. ಈಗಿನ ಅಧ್ಯಾಪಕಿಯ ಪಾಠಕ್ಕೆಂದು ಒಂದು ನಳಿಕೆಯ ಬ್ಯಾಕ್ಟೀರಿಯಾವನ್ನು ಫ್ರಿಜ್ಜಿನಲ್ಲಿ ಉಳಿಸಿದೆ. ಮಿಕ್ಕ ಸೀಸೆಗಳನ್ನೆಲ್ಲ ಆಟೋಕ್ಲೇವಿನಲ್ಲಿಟ್ಟು ಉಗಿ ಏರಿಸಿದೆ. ಆಟೋಕ್ಲೇವ್ ಅಂದರೆ ದೊಡ್ಡ ಕುಕ್ಕರು. ಒಳಗಿನ ಜೀವವನ್ನೆಲ್ಲ ಉಗಿಯ ಬಿಸಿಗೆ ಕೊಲ್ಲುತ್ತದೆ. ಅದು ಕೂಗುವ ತನಕ ತಮ್ಮ, ಅಕ್ಕನ ಸ್ಟೂಲಿನ ಮೇಲೆ ಕೂತಿದ್ದ. ಹೋದ ರಂಜಾನಿನಲ್ಲಿ ತಾನೇ ಮೊದಲು ಮಾತಾಡಿಸಬೇಕೆಂದು ಮನೆಯ ತನಕ ಹೋಗಿದ್ದಾಗ, ತಾನು ಬಾಯಿ ತೆರೆಯುವ ಮುಂಚೆ ಆಪಾ ತಟ್ಟೆಗೆ ಬಡಿಸಿಬಿಟ್ಟರು, ಹಾಗಾಗಿ ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯಿತು ಎಂದಷ್ಟೇ ಹೇಳಿದ.

ಸೀಸೆಗಳು ತಣ್ಣಗಾದವು. ತಳದಲ್ಲಿ ಹಸಿರುಗಪ್ಪು ಗಸಿ, ಮೇಲೆ ತಿಳಿನೀರು. ಅಟೆಂಡರಮ್ಮ ಒಂದನ್ನು ಎತ್ತಿಕೊಂಡು ಸಿಂಕಿನ ನಲ್ಲಿ ತಿರುಗಿಸಿದರು. “ಎಲ್ಲಾ ಸತ್ತೋದ್ವಲ್ಲ ಸಾರ್. ಚೆಲ್ಲಿ ತೊಳೆದಿಡ್ತೀನಿ, ಸೀಸೆ ಚೆನ್ನಾಗಿದಾವೆ.”

ನಾನು ಬಾಯಿ ತೆರೆಯುವ ಮುಂಚೆ ತಮ್ಮ ಎದ್ದು ಹೋಗಿ, ಸಿಂಕಿನ ತೂತಿನ ಮೇಲೆ ಅಂಗೈ ಇಟ್ಟ. ನಲ್ಲಿಯ ನೀರು ಅವನ ಕೈ ಮೇಲೆ ಬಿದ್ದು ಅಂಗಿಯ ತೋಳು ನೆನೆಯಿತು.

“ಬೇಡಮ್ಮ” ಎಂದ. “ಸತ್ತಿರೋದು ಅವು. ಅವು ಹಿಡ್ಕೊಂಡಿರೋದು ಸತ್ತಿಲ್ಲ.”

ಅಟೆಂಡರಮ್ಮ ನಲ್ಲಿ ನಿಲ್ಲಿಸಿದರು. ತಮ್ಮ ಹೊರಗೆ ಹೋಗಿ ವ್ಯಾನಿನಿಂದ ಗಟ್ಟಿ ಪ್ಲಾಸ್ಟಿಕ್ಕಿನ ಕ್ಯಾನು ತಂದ. ಶೆಡ್ಡಿನ ಡ್ರಮ್ಮುಗಳ ಜೊತೆ ಇದೂ ಹೋಗಬೇಕಾದ ಜಾಗಕ್ಕೆ ಹೋಗುತ್ತದೆ ಎಂದ. ಕೈಗವಸು ಹಾಕಿಕೊಂಡು ಸೀಸೆಗಳನ್ನು ಒಂದೊಂದಾಗಿ ಅದರೊಳಗೆ ಬಗ್ಗಿಸಿದೆವು. ತೊಳೆದ ನೀರನ್ನೂ ಅದಕ್ಕೇ ಹಾಕಿದೆವು. ಮುಚ್ಚಳ ಬಿಗಿಮಾಡಿದ್ದು ಅವನೇ. ನಾನು ಚೀಟಿ ಮತ್ತು ಪೆನ್ನು ಮುಂದಿಟ್ಟೆ.

ಏನು ಎಂಬಲ್ಲಿ ಕ್ರೋಮಿಯಂ, ನಿಕ್ಕಲ್ ಎಂದು ಬರೆದ. ಎಲ್ಲಿಯದು, ಯಾವತ್ತಿನದು, ಎರಡನ್ನೂ ತುಂಬಿದ. ಯಾರದು ಎಂಬಲ್ಲಿ ಪೆನ್ನು ನಿಂತಿತು. ಅಕ್ಕನ ಹೆಸರು ಬರೆಯುತ್ತಾನೆಂದು ನಾನು ಕಾದೆ. ಆತ ‘ನಮ್ಮದು’ ಎಂದು ಬರೆದು, ಕೆಳಗೆ ರುಜು ಹಾಕಿದ.

ಚೀಟಿಯನ್ನು ಕ್ಯಾನಿಗೆ ಅಂಟಿಸಿ ಮೇಲೆ ಟೇಪು ಸುತ್ತಿದೆ. ಇಬ್ಬರೂ ಹಿಡಿದು ವ್ಯಾನಿಗೆ ಸಾಗಿಸಿದೆವು. ತೊಳೆದ ಖಾಲಿ ಸೀಸೆಗಳನ್ನು ಎತ್ತರದ ಪ್ರಕಾರ ಜೋಡಿಸಿದೆ. ಎರಡನ್ನು ಅದಲುಬದಲು ಮಾಡಿದೆ. ಮೇಜು ಒರೆಸಿದೆ. ಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ಕಚೇರಿಗೆ ಒಪ್ಪಿಸಿದಾಗ ಮಧ್ಯಾಹ್ನ ಮೂರು ದಾಟಿತ್ತು.